ತಿನ್ನಲು ಯೋಗ್ಯವಲ್ಲ

ಎರಡು ಸಾವಿರದ ನಾಲ್ಕರಲ್ಲಿ, ಹಣ್ಣಿನ ಕೃಷಿ ಕಲಿಯಲು ನಾವು ಆರು ವಿದ್ಯಾರ್ಥಿಗಳು ವಿದೇಶದ ಹೇಸ್ಟಿಂಗ್ಸ್ ಎಂಬ ಊರಿನ ಬಳಿಯ ಸೇಬಿನ ತೋಟಕ್ಕೆ ಹೋಗಿದ್ದೆವು. ಅಲ್ಲಿನ ಮೇಲ್ವಿಚಾರಕಿ ಬಾಗಲಕೋಟೆ ಕಡೆಯವರು, ನಮಗೆಲ್ಲ ಆಂಟಿ. ಏನೇ ಕೇಳಿದರೂ ಒಂದು ಹಣ್ಣನ್ನು ತೋಳಿಗೆ ಒರೆಸಿ ಕೈಗಿಟ್ಟು, "ಮೊದಲ ತಿಂದ ನೋಡ್ರಿ, ಆಮ್ಯಾಲ ಕೇಳ್ರಿ" ಎನ್ನುತ್ತಿದ್ದರು.

ಆ ವರ್ಷ ಕಾಯಿ ಇನ್ನೂ ಎಳೆಯದಾಗಿದ್ದಾಗ ಆಲಿಕಲ್ಲು ಬಿದ್ದು, ಹಣ್ಣಿನ ಸಿಪ್ಪೆಯ ಮೇಲೆ ಸಣ್ಣ ಕಲೆಗಳು ಉಳಿದಿದ್ದವು. ರಫ್ತು ಕಂಪನಿಯ ತಪಾಸಣೆಗಾರ ಇಡೀ ಫಸಲನ್ನೇ ಬೇಡವೆಂದು, 'ತಿನ್ನಲು ಯೋಗ್ಯವಲ್ಲ' ಎಂದು ಬರೆದ ಹಾಳೆಯನ್ನು ಆಂಟಿಯ ಸಹಿಗೆ ಚಾಚಿದ. ಆಂಟಿ ಒಂದು ಹಣ್ಣು ಕೊಯ್ದು ಅವನ ಮುಂದೆ ಹಿಡಿದರು. ಅವನು ಮುಟ್ಟಲಿಲ್ಲ.

ಸಹಿ ಹಾಕಲು ಆಗುವುದಿಲ್ಲ ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳಿ ಆಂಟಿ ನಮ್ಮತ್ತ ತಿರುಗಿದರು. "ಚಂದ ಇಲ್ಲ ಅಂತ ಬರೀಲಿ, ಸೈನ್ ಮಾಡ್ತೀನಿ. ತಿನ್ನಾಕ ಬರಂಗಿಲ್ಲ ಅಂತ ಸುಳ್ಳ ಹೆಂಗ ಬರದ ಕೊಡ್ಲಿ?"

ಕೊನೆಗೆ ತೋಟದ ಮಾಲೀಕನೇ ಬಂದು, ಆಂಟಿಯತ್ತ ನೋಡದೆ ಸಹಿ ಹಾಕಿದ. ಮರುದಿನ ಆಂಟಿಯನ್ನು ಮೇಲ್ವಿಚಾರಣೆಯಿಂದ ತೆಗೆದು ಹಣ್ಣು ಕೀಳುವ ಕೆಲಸಕ್ಕೆ ಹಾಕಿದ.

ತಪಾಸಣೆಗಾರ, ಮಾಲೀಕ, ಆ ಇಬ್ಬರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ. ಆದರೆ ಸಹಿ ಬಿದ್ದ ದಿನ ಬೆಳಗಿನಿಂದ ಅದೇ ಹಣ್ಣು ತಿಂದಿದ್ದ ನಾವು ಆರು ಜನ ಅಲ್ಲೇ ನಿಂತಿದ್ದೆವು. ಹಣ್ಣು ಚೆನ್ನಾಗಿದೆ ಎಂದು ನಮ್ಮಲ್ಲಿ ಒಬ್ಬರೂ ಬಾಯಿಬಿಡಲಿಲ್ಲ.