ಈ ಜಾಗದಲ್ಲಿ ಎಣ್ಣೆ ಇಲ್ಲ

ದಿಢೀರನೆ ಶ್ರೀಮಂತನಾಗಿಬಿಟ್ಟರೆ ಏನು ಗತಿ ಎಂದು ಹೆದರಿದ ಮನುಷ್ಯ ನಮ್ಮ ಸಿದ್ಧಕಟ್ಟೆಯಲ್ಲಿ ಒಬ್ಬರೇ, ನೆರೆಮನೆಯ ಸಂಕಪ್ಪ ಶೆಟ್ಟರು. ನಿಧಿ ಸಿಗಲಿ ಎಂದು ದೈವಕ್ಕೆ ಹರಕೆ ಹೊತ್ತವರನ್ನು ಕಂಡಿದ್ದೇನೆ. ಸಿಗದಿರಲಿ ಎಂದು ಹೊತ್ತವರನ್ನು ಕಂಡದ್ದು ಇದೇ ಮೊದಲು.

ಹರೆಯದಲ್ಲಿ ಬಿ.ಸಿ.ರೋಡಿನಲ್ಲಿ ಲಾರಿ ಓಡಿಸುತ್ತಿದ್ದ ಶೆಟ್ಟರು ಆಮೇಲೆ ಕುವೈತಿಗೆ ಹೋಗಿ ಟ್ಯಾಂಕರ್ ಹತ್ತಿದರು. ಇರಾಕ್ ಯುದ್ಧದ ವರ್ಷ ಅಮೆರಿಕದ ಸೈನ್ಯ ಗಡಿ ದಾಟಿದಾಗ ಅದರ ಬೆನ್ನಿಗೆ ಡೀಸೆಲ್ ಹೊತ್ತು ಬಸ್ರಾದ ದಾರಿ ಹಿಡಿದ ಟ್ಯಾಂಕರುಗಳಲ್ಲಿ ಇವರದೂ ಒಂದು. ಅಲ್ಲಿಂದ ಊರಿಗೆ ತಂದದ್ದು ಒಂದು ದಪ್ಪ ಕಂಬಳಿ, ಒಂದಿಷ್ಟು ಅರಬ್ಬಿ ಅಕ್ಷರ ಮತ್ತು ಒಂದು ಸಿದ್ಧಾಂತ. ಸೈನ್ಯ ಹೋಗುವುದು ಎಣ್ಣೆ ಇದ್ದಲ್ಲಿಗೆ, ಕಾರಣವನ್ನು ಆಮೇಲೆ ಹುಡುಕುತ್ತಾರೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ನನಗೆ ಇಷ್ಟನ್ನೇ ಹೇಳಲು ಇಡೀ ಪೀರಿಯಡ್ ಬೇಕು, ಅಷ್ಟರಲ್ಲಿ ಮಕ್ಕಳಿಗೆ ನಿದ್ದೆ.

ಊರಿಗೆ ಬಂದ ಮೇಲೆ ಅವರಿಗೆ ಬೇರೆ ಯಾವ ತೊಂದರೆಯೂ ಇರಲಿಲ್ಲ, ಬಾವಿಯ ರಾಟೆಯ ಸದ್ದೊಂದನ್ನು ಬಿಟ್ಟು. ಕೊಡಪಾನ ಮೇಲೇರುವಾಗ ಆ ರಾಟೆ ಸೈನ್ಯದ ಕ್ಯಾಂಪಿನಲ್ಲಿ ಬಾಂಬು ಬೀಳುವ ಮುಂಚಿನ ಸೈರನ್ನಿನ ಹಾಗೆಯೇ ಕೂಗುತ್ತಿತ್ತಂತೆ. ಕೇಳಿದೊಡನೆ ಶೆಟ್ಟರು ಊಟದ ಬಟ್ಟಲು ಬಿಟ್ಟು ಮಂಚದಡಿ ಸೇರುತ್ತಿದ್ದರು. ಕೊನೆಗೆ ತಮ್ಮ ಜೀಪಿನಿಂದ ತೆಗೆದ ಹಳೆ ಆಯಿಲನ್ನು ವಾರ ವಾರ ರಾಟೆಗೆ ಧಾರಾಳವಾಗಿ ಸುರಿಯತೊಡಗಿದರು. ರಾಟೆ ಸುಮ್ಮನಾಯಿತು, ಅವರೂ ಸುಮ್ಮನಾದರು.

ಬಾವಿ ಮಾತ್ರ ಅವರದಲ್ಲ, ಹೆಂಡತಿ ಜಲಜಾಕ್ಷಿಯದು. ಗಂಡ ಮರುಭೂಮಿಯಲ್ಲಿದ್ದಾಗ ಜಲಜಕ್ಕ ತಾವೇ ಬಿಸಿಲಲ್ಲಿ ನಿಂತು, ಗಟ್ಟಿ ಮುರಕಲ್ಲಿನ ನೆಲ ಕಡಿಸಿ ತೋಡಿಸಿದ್ದು. ಕಡು ಬೇಸಗೆಯಲ್ಲೂ ಬತ್ತುವುದಿಲ್ಲ ಎಂದು ಅವರಿಗೆ ಸ್ವಲ್ಪ ಜಂಬವೂ ಉಂಟು.

ಕಳೆದ ವರ್ಷ ಕೊಲ್ಲಿಯಲ್ಲಿ ಮತ್ತೆ ಯುದ್ಧದ ಸುದ್ದಿ ಬಂದು, ಟಿ.ವಿ.ಯವರು ದಿನವಿಡೀ ಎಣ್ಣೆ ಹಡಗುಗಳನ್ನು ತೋರಿಸುತ್ತಿದ್ದರು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಶೆಟ್ಟರು ಬಾವಿಗೆ ಬಗ್ಗಿ ನೋಡಿದರೆ ನೀರಿನ ಮೇಲೆ ಕಪ್ಪು ಜಿಡ್ಡು, ಅದರಲ್ಲಿ ಕಾಮನಬಿಲ್ಲಿನ ಬಣ್ಣ. ಸೀದಾ ನಮ್ಮ ಮನೆಗೆ ಬಂದರು.

"ಟೀಚರೇ, ಬಾವಿಯಲ್ಲಿ ಎಣ್ಣೆ ಬಂದಿದೆ. ಯಾರಿಗೂ ಹೇಳಬೇಡಿ. ಅವರು ಬರಲಿಕ್ಕೆ ಎಷ್ಟು ದಿನ ಬೇಕಾದೀತು?"

"ಯಾರು?"

"ಅಮೆರಿಕದವರು."

ನನಗೆ ನಗು ತಡೆಯಲಿಲ್ಲ. "ಬರಲಿ ಬಿಡಿ ಸಂಕಪ್ಪಣ್ಣ, ನೀವು ಶೇಖ್ ಆಗ್ತೀರಿ" ಎಂದೆ.

ಅವರು ನಗಲಿಲ್ಲ. "ಬಸ್ರಾದ ದಾರಿಯಲ್ಲಿ ಮಕ್ಕಳು ನಿಂತಿರ್ತಿದ್ದರು. ಕಾಲ ಕೆಳಗೆ ಅಷ್ಟು ಎಣ್ಣೆ ಉಂಟು, ಬಾಯಿಗೆ ಕೈ ಹಿಡಿದು ನೀರು ಕೇಳ್ತಿದ್ದರು. ಗಾಡಿ ನಿಲ್ಲಿಸಬಾರದು ಅಂತ ಆರ್ಡರ್. ನಾನು ನಿಲ್ಲಿಸಲಿಲ್ಲ."

ನಾನು ಎದ್ದು ಚಹಾಕ್ಕೆ ನೀರಿಟ್ಟೆ.

ಅಂದಿನಿಂದ ಬಾವಿಯ ಮೇಲೆ ತಗಡು ಬಿತ್ತು. ಬಂದವರಿಗೆ ಬೆಲ್ಲ ನೀರು ಕೊಡುವುದೂ ನಿಂತಿತು. ನಮ್ಮ ಕಡೆ ಜಗಳಕ್ಕೆ ಬಂದವನಿಗೂ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು, ಆಮೇಲೆ ಜಗಳ. ನೀರು ಕುಡಿದ ಮನೆಗೆ ಕೇಡು ಬಗೆಯಬಾರದು ಎಂಬುದೂ ಅದರ ಜೊತೆಗೇ ಬಂದ ಮಾತು. ಹಾಲಿನ ಸೊಸೈಟಿಯ ಚನಿಯಪ್ಪಣ್ಣನ ಮುಂದೆ ಶೆಟ್ಟರು ಪೇಟೆಯ ಬಾಟಲಿ ನೀರು ಇಟ್ಟಾಗ ಅವರು ಮುಟ್ಟದೆ ಎದ್ದುಬಂದರು. ಸಂಜೆಯೊಳಗೆ ಊರಿಡೀ ಒಂದೇ ಮಾತು: ಶೆಟ್ಟರ ಬಾವಿಯಲ್ಲಿ ಏನೋ ಉಂಟು.

ಆ ಮಾತನ್ನು ಅಡಗಿಸಲು ಶೆಟ್ಟರು ಗೇಟಿಗೆ ಬೋರ್ಡು ಹಾಕಿದರು. ಕನ್ನಡ, ಇಂಗ್ಲಿಷ್, ಅರಬ್ಬಿ ಮೂರರಲ್ಲೂ ಬರೆದಿತ್ತು: ಈ ಜಾಗದಲ್ಲಿ ಎಣ್ಣೆ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಏನೋ ಉಂಟು ಎಂದಷ್ಟೇ ತಿಳಿದಿದ್ದವರಿಗೆ ಈಗ ಏನೆಂಬುದೂ ತಿಳಿಯಿತು. ಮಡಂತ್ಯಾರಿನಿಂದ ಜಾಗದ ಬ್ರೋಕರುಗಳು ಬಂದರು. ಬೆಳ್ತಂಗಡಿಯ ಒಬ್ಬರು ಬಾವಿಯ ಪಕ್ಕದಲ್ಲೇ ಪೆಟ್ರೋಲ್ ಬಂಕ್ ಹಾಕುವ ಎಂದರು. ಬಾವಿಯಿಂದ ನೇರ ಪೈಪು ಎಳೆದರೆ ಟ್ಯಾಂಕರಿನ ಖರ್ಚೇ ಇಲ್ಲವಂತೆ. ಮೂಡುಬಿದಿರೆಯ ಯೂಟ್ಯೂಬ್ ಹುಡುಗರಂತೂ ಡ್ರೋನ್ ತಂದು ಬಾವಿಯ ನೇರ ಮೇಲೆ ಹಾರಿಸಿದರು.

"ಬಂದರು" ಎಂದವರೇ ಶೆಟ್ಟರು ಹಟ್ಟಿಗೆ ನುಗ್ಗಿ ಎಮ್ಮೆಯ ಅಡಿಗೆ ಸೇರಿದರು. ಎಮ್ಮೆ ಒಪ್ಪಲಿಲ್ಲ. ಸೆಗಣಿ ಮೆತ್ತಿಕೊಂಡು ಹೊರಗೆ ಬರುವಾಗ ತೀರ್ಮಾನ ಆಗಿಹೋಗಿತ್ತು.

"ಇಲ್ಲ ಅಂದರೆ ನಂಬುವುದಿಲ್ಲ ಟೀಚರೇ. ಇರಾಕಿನವರು ಬಾಂಬು ಇಲ್ಲ ಅಂದದ್ದನ್ನು ಯಾರು ನಂಬಿದರು? ಬಾವಿಯೇ ಇಲ್ಲದ ಹಾಗೆ ಮಾಡುವ."

ಮಾರನೆಯ ದಿನ ಬಾವಿ ಮುಚ್ಚಲು ಜೆಸಿಬಿ ಬಂತು. ಜಲಜಕ್ಕ ಕಣ್ಣೀರು ಹಾಕಿದರು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಜೆಸಿಬಿ ಓಡಿಸುವ ಜಿತೇಶನನ್ನು ಕರೆದು ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ತಂದಿಟ್ಟರು. ಸೆಕೆಗೆ ಅವನು ಗಟಗಟ ಕುಡಿದು ಚೆಂಬು ಕೆಳಗಿಟ್ಟ.

"ಹೇಗುಂಟು ನೀರು?"

"ಒಳ್ಳೆ ತಂಪು ಉಂಟು ಅಕ್ಕ."

"ಈ ಬಾವಿಯದ್ದೇ. ಇನ್ನು ಮುಚ್ಚು."

ಜಿತೇಶ ಚೆಂಬು ನೋಡಿದ, ಬಾವಿ ನೋಡಿದ, ಆಮೇಲೆ ಶೆಟ್ಟರನ್ನು ನೋಡಿದ. "ಶೆಟ್ರೇ, ನೀರು ಕುಡಿದು ಆಯ್ತಲ್ಲ. ಇನ್ನು ನನ್ನಿಂದ ಆಗುವುದಿಲ್ಲ ಮಾರಾಯ್ರೆ" ಎಂದು ಜೆಸಿಬಿಯನ್ನು ಬಂದ ದಾರಿಗೇ ತಿರುಗಿಸಿದ.

ಶೆಟ್ಟರು ಬೆವರಿಹೋದರು. "ಆ ನೀರನ್ನು ಕುಡಿಸಿದ್ದಾ ನೀನು?"

"ಮತ್ತೆ ನೀವು ಇಷ್ಟು ದಿನ ಉಂಡ ಗಂಜಿ ಯಾವ ನೀರಿನದ್ದು? ತಗಡು ಸರಿಸಿ, ಮೇಲಿನ ಜಿಡ್ಡು ತೆಗೆದು ಚೆಲ್ಲಿ, ದಿನಾ ಸೇದ್ತೇನೆ." ಜಲಜಕ್ಕ ಗಂಡನ ಹೆಗಲ ಮೇಲಿನ ಬೈರಾಸನ್ನೇ ಎಳೆದು ರಾಟೆ ಒರೆಸಿ, ಕಪ್ಪಾದ ಬಟ್ಟೆಯನ್ನು ಅವರ ಮೂಗಿಗೆ ಹಿಡಿದರು. "ಮೂಸಿ ನೋಡಿ. ಇದು ಎಲ್ಲಿಯ ಎಣ್ಣೆ?" ಆಮೇಲೆ ಹೇಳಿದ್ದನ್ನು ತುಳುವಿನಿಂದ ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ.

ಶೆಟ್ಟರು ಮೂಸಿದರು. ಅವರ ಜೀಪಿನದೇ ಆಯಿಲು. ಸೈನ್ಯ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಮನುಷ್ಯ ನಗಬೇಕಲ್ಲ? ಅವರು ಬಾವಿಕಟ್ಟೆಯ ಮೇಲೆ ಕೂತು ಮಗುವಿನ ಹಾಗೆ ಅತ್ತರು.

ಈಗ ರಾಟೆಗೆ ಎಣ್ಣೆ ಇಲ್ಲ. ಅದು ಕೂಗುತ್ತದೆ, ಶೆಟ್ಟರು ಬೆಚ್ಚುತ್ತಾರೆ, ಆದರೂ ಹಗ್ಗ ಬಿಡುವುದಿಲ್ಲ. ಡ್ರೋನಿನ ಹುಡುಗರು ಮತ್ತೆ ಆ ದಾರಿಯಲ್ಲಿ ಬಂದಾಗ ಬೈಕಿಗೆ ಅಡ್ಡ ನಿಂತು, ಬೇಡ ಬೇಡ ಎಂದರೂ ಬೆಲ್ಲ ನೀರು ಕುಡಿಸಿಯೇ ಕಳುಹಿಸಿದರು.

ಗೇಟಿನ ಬೋರ್ಡಿಗೆ ಬಣ್ಣ ಬಳಿದು ಹೊಸತಾಗಿ ಬರೆದಿದ್ದಾರೆ: ಇಲ್ಲಿ ನೀರು ಉಂಟು, ನಿಂತು ಕುಡಿದು ಹೋಗಿ. ಕನ್ನಡದಲ್ಲಿ ಬರೆದಿದ್ದರೆ ಸಾಕಿತ್ತು, ನಮ್ಮ ರಸ್ತೆಯಲ್ಲಿ ಹೋಗುವವರೆಲ್ಲ ಕನ್ನಡ ಓದುವವರೇ. ಆದರೆ ಎಲ್ಲಕ್ಕಿಂತ ಮೇಲೆ, ಆಗಷ್ಟೇ ಓದಲು ಕಲಿತ ಮಕ್ಕಳಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ, ಅದನ್ನು ಅರಬ್ಬಿಯಲ್ಲಿ ಬರೆದಿದ್ದಾರೆ. ಬಸ್ರಾದ ದಾರಿಯಲ್ಲಿ ನಿಂತಿದ್ದ ಆ ಮಕ್ಕಳು ಈಗ ದೊಡ್ಡವರಾಗಿರಬೇಕು.