ಹನ್ನೆರಡಾಣೆ ನೀರು

ಮೊನ್ನೆ ಸಿಂಧನೂರಿನಲ್ಲಿ ನಕ್ಷೆ ಪ್ರಿಂಟು ತೆಗೆಯುವ ಹಳೆಯ ಅಂಗಡಿಯೊಂದರ ಮುಂದೆ, ಪ್ರಿಂಟಿಗೆ ಬಳಸುವ ಅಮೋನಿಯಾದ ಘಾಟು ಮೂಗಿಗೆ ಬಡಿಯಿತು. ಕಾಲುವೆ ಆಫೀಸಿನಲ್ಲಿ ನಾನು ನಕ್ಷೆ ಬರೆಯುತ್ತಿದ್ದಾಗ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಓವರ್‌ಸಿಯರ್ ನೆನಪಾದರು...

ಎಪ್ಪತ್ತರ ದಶಕದ ಮೊದಲಲ್ಲಿ ಅವರನ್ನು ಕಂಪ್ಯೂಟರ್ ಕಲಿಯಲು ದೂರದ ಪಟ್ಟಣಕ್ಕೆ ಕಳಿಸಿದ್ದರು. ಮರಳಿ ಬಂದವರದು ಬುತ್ತಿ ಬಿಚ್ಚಿದರೂ ಅದೇ ಪುರಾಣ: ಆಲ್ಗಾಲ್, ಫೋರ್ಟ್ರಾನ್. ಯಂತ್ರಕ್ಕೆ ಲೆಕ್ಕ ಹೇಳುವ ಭಾಷೆಗಳಂತೆ, ಒಂದಕ್ಕೊಂದು ದಾಯಾದಿಗಳಂತೆ.

“ಆಲ್ಗಾಲ್ ಭಾಳ ಮರ್ಯಾದಿ ಭಾಷಾರೀ, ನಾವು ಬರದಂಗ ತಿಳ್ಕೊಂತೈತಿ. ಆದ್ರ ಅದು ನಡಿಯೋ ಮಷೀನು ನಮಗ ಸಿಗಂಗಿಲ್ಲ. ಫೋರ್ಟ್ರಾನ್ ಒರಟು, ಆದ್ರ ಬಿರಬಿರ ಮಾಡ್ತೈತಿ, ಎಲ್ಲಾ ಕಡೆ ನಡಿತೈತಿ.”

ಬಳಗಾನೂರಿನ ಆಚೆ, ಆಗ ತೋಡುತ್ತಿದ್ದ ಕಾಲುವೆಯ ಕೊನೆಗೆ, ಅವರ ಹೆಂಡತಿಯ ತವರೂರು. ಅಲ್ಲಿಗೆ ನೀರು ಮುಟ್ಟುತ್ತದೋ ಇಲ್ಲವೋ ಎಂಬ ಲೆಕ್ಕ ಇವರ ಪಾಲಿಗೇ ಬಂತು. ಕೈಲೆಕ್ಕದಲ್ಲಿ ಮುಟ್ಟುತ್ತಿತ್ತು. ಖುಷಿ ತಡೆಯದೆ ಮಾವನಿಗೆ ಹೇಳಿಯೂ ಬಿಟ್ಟರು. ಆ ಊರವರು ಆ ವರ್ಷ ಜೋಳ ಬಿತ್ತದೆ, ಹೊಲ ಸಮ ಮಾಡಿ ಭತ್ತಕ್ಕೆ ಮಡಿ ಕಟ್ಟಿ ಕೂತರು.

ನಮ್ಮ ಕಡೆ ಪಾಲು ಹೇಳುವುದು ಆಣೆಯಲ್ಲಿ. ಪೂರ್ತಿ ಎಂದರೆ ಹದಿನಾರಾಣೆ, ಮುಕ್ಕಾಲು ಎಂದರೆ ಹನ್ನೆರಡಾಣೆ. ಕೊನೆಯ ಊರಿನ ಪಾಲು ಹನ್ನೆರಡಾಣೆ. ಇವರು ಫೋರ್ಟ್ರಾನಿನಲ್ಲೂ ಹಾಗೆಯೇ ಬರೆದರು: ಹನ್ನೆರಡು ಭಾಗಿಸು ಹದಿನಾರು. ಆಲ್ಗಾಲ್ ಆಗಿದ್ದರೆ ಮುಕ್ಕಾಲು ಎಂದು ತಿಳಿಯುತ್ತಿತ್ತು. ಫೋರ್ಟ್ರಾನಿಗೆ ಎರಡು ಇಡಿ ಸಂಖ್ಯೆ ಕೊಟ್ಟರೆ ಭಾಗಿಸಿ, ಉಳಿದ ಚೂರನ್ನು ಚೆಲ್ಲಿಬಿಡುತ್ತದೆ; ಒಂದಕ್ಕೆ ಕಡಿಮೆಯಾದ ಮುಕ್ಕಾಲು ಪೂರ್ತಿ ಚೆಲ್ಲಿಹೋಯಿತು. ಯಂತ್ರದ ಲೆಕ್ಕದಲ್ಲಿ ಹದಿನಾರಾಣೆಯ ಮೇಲಿನ ಊರುಗಳಿಗೆ ಪೂರ್ತಿ ನೀರು ಬಂತು, ಕೊನೆಯ ಊರಿಗೆ ಸೊನ್ನೆ.

ಆ ಲೆಕ್ಕದ ಕಾಗದ ಯಂತ್ರವಿದ್ದ ಪಟ್ಟಣದಿಂದ ನೇರ ನಮ್ಮ ಇಂಜಿನಿಯರ್ ಸಾಹೇಬರ ಮೇಜಿಗೆ ಹೋಯಿತು. ಕೊನೆಯ ತುಂಡು ಕಾಲುವೆ ರದ್ದಾಯಿತು. ಇವರು ಓಡಿಹೋಗಿ ಕೈಮುಗಿದರು: “ತಪ್ಪು ನಂದೈತ್ರೀ, ತಿದ್ದಿ ಮತ್ತ ಕಳಿಸ್ತೀನಿ.”

“ಮಾವನ ಊರಂತ ಮಷೀನಿಗೇ ಸುಳ್ಳ ಅಂತೀಯೇನಪಾ?” ಎಂದು ಸಾಹೇಬರು ನಕ್ಕರು. ಥೂ, ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ತಿದ್ದಿದ ಲೆಕ್ಕ ಸರಿಯಾಗಿಯೇ ಬಂತು. ಯಾರೂ ಬಿಚ್ಚಿ ನೋಡಲಿಲ್ಲ. ಅಷ್ಟೊತ್ತಿಗೆ ಗುತ್ತಿಗೆದಾರನ ಜನ ಡೇರೆ ಕಿತ್ತಿದ್ದರು. ಇವರು ಸುದ್ದಿ ಹೇಳಲು ಹೋದಾಗ ಮಾವ, “ಮೊದಲ ಹೇಳಿದ್ರ ಜೋಳನಾರ ಬಿತ್ತತಿದ್ವಿ, ಅಳಿಯಾರ” ಅಂದರಂತೆ. ಉಣ್ಣಲು ಏಳಿ ಅನ್ನಲಿಲ್ಲವಂತೆ. ಮತ್ತೆ ಇವರು ಆ ಊರಿನ ದಾರಿ ತುಳಿಯಲಿಲ್ಲ.

ಆಮೇಲೆ ಲಿಂಗಸುಗೂರಿಗೆ ವರ್ಗವಾಯಿತು. ಕೆಲ ವರ್ಷಕ್ಕೆ ತೀರಿಕೊಂಡರು. ನಾನು ಮಸ್ಕಿಯಿಂದ ಬಸ್ಸು ಹಿಡಿದು ಮಣ್ಣಿಗೆ ಹೋಗಿದ್ದೆ. ಹೆಂಡತಿಯ ತವರಿನಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಜನ ಇನ್ನೂ ಕಾಯುತ್ತಿದ್ದಾಗ ಆಕೆಯೇ ಅಂದಳು, “ಅವರ ದಾರಿ ನೋಡಬ್ಯಾಡ್ರಿ. ಎತ್ತರಿ.”

ಆ ಊರಿಗೆ ಇವತ್ತಿಗೂ ಕಾಲುವೆ ಇಲ್ಲ. ಓವರ್‌ಸಿಯರ್ ಸುಳ್ಳು ಹೇಳಿರಲಿಲ್ಲ, ನೀರು ನಿಜವಾಗಿ ಬರುವುದಿತ್ತು ಎಂದು ಅಲ್ಲಿ ಹೋಗಿ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡೆನೋ... ಕೇಳಬೇಕಾದ ಮಾವನೂ ಹೋದ, ಅವರ ಹೆಂಡತಿಯೂ ಹೋದಳು. ಇನ್ನು ಯಾರಿಗೆ ಹೇಳಲಿ?