ಗೌಡರ ವನ್ಸ್ ಮೋರ್

ಗೆಳೆಯರೇ, ಇವತ್ತು ತಿಕೋಟಾದ ನಾಟಕದಲ್ಲಿ ಖಳನಾಯಕನಿಗಿಂತ ನಮ್ಮೂರ ಗೌಡರೇ ಹೆಚ್ಚು ಮಿಂಚಿದರು.

ರಂಗದ ಮೇಲೆ ಮಂತ್ರಿ ಒಬ್ಬನೇ ನಿಂತು, "ಅಣ್ಣನಿಗೆ ತಮ್ಮನ ಮೇಲೆ, ತಮ್ಮನಿಗೆ ಅಣ್ಣನ ಮೇಲೆ ಸಂಶಯ ಬಿತ್ತುವೆನು. ಇಬ್ಬರಿಗೂ ಆಪ್ತನಾಗಿ ರಾಜ್ಯವನ್ನೇ ನುಂಗುವೆನು!" ಎಂದು ಗಹಗಹಿಸಿದ. ಮುಂದಿನ ಕುರ್ಚಿಯಿಂದ ಗೌಡರು "ವನ್ಸ್ ಮೋರ್!" ಎಂದು ಕೂಗಿದರು. ಪದ್ಧತಿಯಂತೆ ಅವನು ಎಲ್ಲವನ್ನೂ ಮತ್ತೆ ಹೇಳಿದ. ಈ ಸಲ ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ.

ಹೊಲದ ಬದು ಒಡೆದ ಜಗಳದಲ್ಲಿ ನನ್ನೊಡನೆ ಮಾತು ಬಿಟ್ಟಿದ್ದ ಅಣ್ಣ ಎದ್ದು ಬಂದು ಪಕ್ಕದಲ್ಲಿ ಕುಳಿತ.

"ತಮ್ಮಾ, ಬದು ನಾ ಒಡದೇನಿ ಅಂತ ನಿನಗ ಯಾರ್ ಹೇಳಿದ್ರೋ?"

"ಗೌಡ್ರು. ನಿನಗ?"

"ನೀ ಒಡದೀ ಅಂತ ನನಗೂ ಅವ್ರೇ ಹೇಳಿದ್ರು."

ಅಷ್ಟರಲ್ಲಿ ಗೌಡರು ಇನ್ನೊಮ್ಮೆ "ವನ್ಸ್ ಮೋರ್" ಎಂದರು. ಅವರಿಗಿಂತ ಜೋರಾಗಿ ನಾವಿಬ್ಬರೂ ಕೂಗಿದೆವು.